ಸೀಗಡಿ ಮನೆತನ, ಪ್ಲಾಸ್ಟಿಕ್ ಬೆಲ್ಟು

ಕನ್ವೇಯರ್ ತಯಾರಿಸುವ ಕಂಪನಿಗಳ ಕಚೇರಿಗೆ ಹೋದರೆ ಒಂದು ಗೋಡೆ ಇದ್ದೇ ಇರುತ್ತದೆ. ಆ ಗೋಡೆಯ ಎಡತುದಿಯಲ್ಲಿ ಕಪ್ಪು-ಬಿಳುಪು ಫೋಟೋ: ತೋಳು ಮಡಚಿದ ಅಂಗಿಯ ಮೂಲಪುರುಷ, ಬೆನ್ನಹಿಂದೆ ತಗಡಿನ ಶೆಡ್ಡು. ಮಧ್ಯದಲ್ಲಿ ಸೂಟು ತೊಟ್ಟ ಮಗ. ಬಲತುದಿಗೆ ಬರುವಷ್ಟರಲ್ಲಿ ಬಣ್ಣ ಬಂದಿರುತ್ತದೆ, ಮೊಮ್ಮಗ ನಗುತ್ತಿರುತ್ತಾನೆ, ಅಥವಾ ಮೊಮ್ಮಗಳು. ಕೆಳಗೆ ಒಂದು ಸಾಲು: ಎಲ್ಲವೂ ಒಂದು ಕನಸಿನಿಂದ ಶುರುವಾಯಿತು ಎಂಬರ್ಥದ್ದು. ಕಾರ್ಖಾನೆಗಳ ಮೆಂಟೆನೆನ್ಸ್ ವಿಭಾಗದಲ್ಲಿ ಕೆಲಸ ಮಾಡಿದವನಿಗೆ ಇಂಥ ಗೋಡೆಗಳ ಮುಂದೆ ಕೂತು ಕಾಯುವ ಯೋಗ ಆಗಾಗ ಬರುತ್ತದೆ. ಒಮ್ಮೆ ಖರೀದಿಗೆ, ಒಮ್ಮೆ ಬಿಡಿಭಾಗಕ್ಕೆ, ಒಮ್ಮೊಮ್ಮೆ ಶುದ್ಧ ಜಗಳಕ್ಕೆ. ಹಾಗೆ ಕಾಯುವಾಗಲೆಲ್ಲ ನನ್ನ ತಲೆಯಲ್ಲಿ ಏಳುವ ತಕರಾರು ಒಂದೇ. ಕನ್ವೇಯರ್ ಮಾಡಬೇಕೆಂದು ಯಾರಾದರೂ ಕನಸು ಕಾಣುತ್ತಾರೆಯೇ? ವಿಮಾನದ ಕನಸು ಕಾಣುವವರಿದ್ದಾರೆ, ಕಾರಿನ ಕನಸು ಕಾಣುವವರಿದ್ದಾರೆ. ಒಂದು ಕಡೆಯ ಮಾಲನ್ನು ಇನ್ನೊಂದು ಕಡೆಗೆ ದಾಟಿಸುವ ಪಟ್ಟಿಗೆ ಹಂಬಲಿಸಿ ನಿದ್ದೆಗೆಟ್ಟವನನ್ನು ನಾನಂತೂ ಕಂಡಿಲ್ಲ.

ಹಾಗಿದ್ದ ಮೇಲೆ ಒಂದಿಡೀ ಮನೆತನ ಮೂರು ತಲೆಮಾರು ಈ ವ್ಯಾಪಾರದಲ್ಲಿ ಹೇಗೆ ಬೇರುಬಿಡುತ್ತದೆ? ನನಗೆ ಅನ್ನಿಸುವುದು, ಅವರಾರೂ ಈ ವ್ಯಾಪಾರಕ್ಕೆ ಬಂದವರಲ್ಲ. ಅವರದೇ ಅಂಗಳದಲ್ಲಿ ಏನೋ ಸಿಕ್ಕಿಕೊಂಡು ಕೂತಿತ್ತು, ಅದನ್ನು ಸರಿಸಲು ಹೋಗಿ ಇತ್ತ ಬಿದ್ದವರು. ಮೊದಲ ಗಿರಾಕಿ ಹೊರಗಿನವನಲ್ಲ, ತಾವೇ. ಇದು ಗೋಡೆಯ ಮೇಲೆ ಬರೆಯುವಷ್ಟು ಚಂದದ ಮಾತಲ್ಲ, ಆದರೆ ಹಳೆಯ ಕಥೆಗಳನ್ನು ಕೆದಕಿದಷ್ಟೂ ಇದೇ ಸಿಗುತ್ತದೆ.

ಆಲಿವರ್ ಇವಾನ್ಸ್‌ನನ್ನೇ ನೋಡಿ. 1780ರ ದಶಕದಲ್ಲಿ ಅಮೆರಿಕದ ಡೆಲವೇರ್‌ನಲ್ಲಿ, ರೆಡ್ ಕ್ಲೇ ತೊರೆಯ ದಂಡೆಯಲ್ಲಿ, ಅಣ್ಣತಮ್ಮಂದಿರ ಜೊತೆ ಸೇರಿ ಹಿಟ್ಟಿನ ಗಿರಣಿ ಇಟ್ಟವನು. ಆ ಕಾಲದ ಗಿರಣಿಯಲ್ಲಿ ಬೀಸುವ ಕೆಲಸ ನೀರಿನದು, ಹೊರುವ ಕೆಲಸ ಮನುಷ್ಯನದು. ಗೋಧಿ ಚೀಲ ಹೊತ್ತು ಮೇಲಿನ ಮಾಳಿಗೆಗೆ ಏರಬೇಕು. ಬೀಸಿದ ಬಿಸಿ ಹಿಟ್ಟನ್ನು ಮತ್ತೆ ಹೊತ್ತು ಮೇಲೇರಿಸಿ, ಹರವಿ ಆರಿಸಬೇಕು. ಇವಾನ್ಸ್ ಕಲ್ಲಿಗೆ ಕೈ ಹಾಕಲಿಲ್ಲ. ಹೊರುವುದಕ್ಕೆ ಕೈ ಹಾಕಿದ. ಪಟ್ಟಿಗೆ ಚಿಕ್ಕ ಬಕೆಟ್ ಕಟ್ಟಿ ಎಲಿವೇಟರ್ ಮಾಡಿದ, ತೊಟ್ಟಿಯೊಳಗೆ ತಿರುಗುವ ತಿರುಪಿನಿಂದ ಹಿಟ್ಟನ್ನು ಅಡ್ಡಕ್ಕೆ ತಳ್ಳಿದ, ಹರವಿ ಆರಿಸುವುದಕ್ಕೆ ಸುತ್ತುವ ಕುಂಟೆಯೊಂದನ್ನು ನಿಲ್ಲಿಸಿದ. 1790ರ ಡಿಸೆಂಬರ್‌ನಲ್ಲಿ ಅವನಿಗೆ ಸಿಕ್ಕಿದ್ದು ಅಮೆರಿಕ ದೇಶ ಕೊಟ್ಟ ಮೂರನೆಯ ಪೇಟೆಂಟು. ಅಕ್ಕಪಕ್ಕದ ಗಿರಣಿಗಳ ಯಜಮಾನರು ಮೊದಮೊದಲು ಮೂಗು ಮುರಿದರಂತೆ. ಮುರಿಯದೇ ಏನು? ಅವರ ಗಿರಣಿಗಳು ನಡೆಯುತ್ತಲೇ ಇದ್ದವು. ಹೊರುವವರಿಗೆ ಬೆನ್ನುನೋವಾದರೆ ಅದು ಹೊರುವವರದು.

ಇನ್ನೊಬ್ಬ ವಿಲಿಯಂ ಡೇನಾ ಇವಾರ್ಟ್, ಐಯೋವಾದ ಬೆಲ್ ಪ್ಲೇನ್ ಎಂಬ ಊರಿನಲ್ಲಿ ಕೃಷಿ ಸಲಕರಣೆ ಮಾರುತ್ತಿದ್ದವನು. ಕೊಯ್ಲಿನ ಯಂತ್ರದ ಸರಪಳಿ ತುಂಡಾದರೆ ಇಡೀ ಯಂತ್ರ ಹೊಲದಲ್ಲೇ ನಿಲ್ಲುತ್ತಿತ್ತು, ಬೈಗುಳ ಮಾರಿದವನಿಗೆ ಬರುತ್ತಿತ್ತು. ಕೈಯಿಂದಲೇ ಬಿಚ್ಚಿ ಕೈಯಿಂದಲೇ ಕೂಡಿಸಬಹುದಾದ ಚೌಕ ಕೊಂಡಿಗಳ ಸರಪಳಿಗೆ ಅವನು 1874ರಲ್ಲಿ ಪೇಟೆಂಟ್ ಪಡೆದ. ಹೊಲಕ್ಕೆಂದು ಹುಟ್ಟಿದ ಆ ಸರಪಳಿ ಧಾನ್ಯದ ಎಲಿವೇಟರಿಗೆ, ಕಲ್ಲಿದ್ದಲ ಕನ್ವೇಯರಿಗೆ ಹತ್ತಿತು. ಲಿಂಕ್-ಬೆಲ್ಟ್ ಎಂಬ ದೊಡ್ಡ ಕಂಪನಿ ಬೆಳೆದದ್ದು ಅದರ ಮೇಲೆ. ಕೊಂಡಿ ಮುರಿದರೆ ಕೊಂಡಿಯನ್ನಷ್ಟೇ ಬದಲಿಸು ಎಂಬ ಈ ಯೋಚನೆಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಸುಮಾರು ನೂರು ವರ್ಷದ ನಂತರ ಇನ್ನೊಂದು ಮನೆತನ ಅದನ್ನೇ ಬೇರೆ ವಸ್ತುವಿನಲ್ಲಿ ಕಂಡುಕೊಂಡಿತು. ಈ ಬರಹ ಇರುವುದು ಆ ಮನೆತನದ ಬಗ್ಗೆ.

ಕೈ ತಿನ್ನುವ ಸೀಗಡಿ

ಅಮೆರಿಕದ ದಕ್ಷಿಣಕ್ಕೆ, ಮೆಕ್ಸಿಕೋ ಕೊಲ್ಲಿಯ ಅಂಚಿನಲ್ಲಿ, ಸೀಗಡಿ ಹಿಡಿದು ಸುಲಿದು ಡಬ್ಬಿಗೆ ತುಂಬುವ ಕಾರ್ಖಾನೆಗಳು ಹಿಂದಿನಿಂದಲೂ ಇದ್ದವು. ಹಿಡಿಯುವುದಕ್ಕೆ ದೋಣಿ ಬಂತು, ದೋಣಿಗೆ ಎಂಜಿನ್ ಬಂತು. ಬೇಯಿಸುವುದಕ್ಕೆ ಹಬೆ ಬಂತು, ಡಬ್ಬಿ ಮುಚ್ಚುವುದಕ್ಕೆ ಯಂತ್ರ ಬಂತು. ಇವೆರಡರ ನಡುವೆ ಸುಲಿಯುವ ಕೆಲಸ ಮಾತ್ರ ಬೆರಳುಗಳಲ್ಲೇ ಉಳಿಯಿತು. ಬೆರಳು ಯಾರದು ಎಂಬುದಕ್ಕೆ ಸಾಕ್ಷಿ ಇದೆ. 1911ರಲ್ಲಿ ಲೂಯಿಸ್ ಹೈನ್ ಎಂಬ ಛಾಯಾಗ್ರಾಹಕ ಮಕ್ಕಳ ದುಡಿಮೆಯನ್ನು ದಾಖಲಿಸಲು ಮಿಸಿಸಿಪ್ಪಿಯ ಬಿಲಾಕ್ಸಿಗೆ ಹೋಗಿದ್ದ. ಆಗ ಅವನು ತೆಗೆದ ಒಂದು ಚಿತ್ರದಲ್ಲಿ 5 ವರ್ಷದ ಸೀಗಡಿ ಸುಲಿಯುವ ಹುಡುಗನೊಬ್ಬ ಎರಡೂ ಕೈಯಲ್ಲಿ ಪಾತ್ರೆ ಹಿಡಿದು ನಿಂತಿದ್ದಾನೆ, ಹಿಂದೆ ಗುಡ್ಡದಷ್ಟು ಸಿಂಪಿಯ ಚಿಪ್ಪು. ಆ ಕಾಲದ ವರದಿಗಳಲ್ಲಿ ಮತ್ತೆ ಮತ್ತೆ ಬರುವ ವಿವರವೊಂದಿದೆ. ಸೀಗಡಿಯ ತಲೆಯಿಂದ ಒಸರುವ ಹುಳಿರಸ ಸುಲಿಯುವವರ ಬೆರಳ ಚರ್ಮವನ್ನು ತಿನ್ನುತ್ತಿತ್ತು. ಗಟ್ಟಿಯಾಗಲೆಂದು ಪಟಿಕದ ನೀರಿನಲ್ಲಿ ಕೈ ಅದ್ದುತ್ತಿದ್ದರು.

ಈ ವಿವರ ನನ್ನೊಳಗೆ ಸಿಕ್ಕಿಕೊಂಡಿದೆ. ಯಾಕೆಂದರೆ ಸೀಗಡಿಯ ಈ ತಿನ್ನುವ ಗುಣ ಮುಂದೆ ಇನ್ನೊಮ್ಮೆ ಬರುತ್ತದೆ. ಆಗ ಅದು ಕೈಯನ್ನು ತಿನ್ನುವುದಿಲ್ಲ, ಕಬ್ಬಿಣವನ್ನು ತಿನ್ನುತ್ತದೆ. ಕೈಯನ್ನು ತಿಂದಾಗ ಹುಟ್ಟದ ಅವಸರ ಕಬ್ಬಿಣವನ್ನು ತಿಂದಾಗ ಹುಟ್ಟಿತು ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಅಷ್ಟು ಸರಳವಲ್ಲ. ನಡುವೆ ಒಂದು ಮಹಾಯುದ್ಧ ಬಂತು.

ಬೂಟು ಮತ್ತು ಬಟ್ಟೆ ಹಿಂಡುವ ಯಂತ್ರ

ಲೂಸಿಯಾನಾದ ಹೋಮಾ ಎಂಬಲ್ಲಿ ಲಾಪೇರ್ ಮನೆತನದ ಸೀಗಡಿ ಕಾರ್ಖಾನೆ ಇತ್ತು. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಸುಲಿಯಲು ಜನ ಸಿಗುತ್ತಿರಲಿಲ್ಲ. ಯಜಮಾನ ಎಮಿಲ್ ಲಾಪೇರ್ ತನ್ನ 16 ವರ್ಷದ ಮಗನ ಮುಂದೆ ಈ ಪೇಚಾಟವನ್ನಿಟ್ಟ: ಸೀಗಡಿ ಸುಲಿಯುವುದಕ್ಕೆ ಯಂತ್ರವೇನಾದರೂ ಮಾಡಬಹುದೇ ನೋಡು. ಮಗನ ಹೆಸರು ಜೇಮ್ಸ್ ಮಾರ್ಷಲ್ ಲಾಪೇರ್, ಎಲ್ಲರೂ ಕರೆಯುತ್ತಿದ್ದುದು ಜೆ.ಎಂ. ಎಂದು. ಮನೆತನದವರು ಹೇಳಿಕೊಂಡು ಬಂದಿರುವಂತೆ, ಹುಡುಗ ರಬ್ಬರ್ ಬೂಟು ಹಾಕಿಕೊಂಡು ಕಾರ್ಖಾನೆಯಲ್ಲಿ ಓಡಾಡುವಾಗ ನೆಲಕ್ಕೆ ಬಿದ್ದ ಸೀಗಡಿಯೊಂದನ್ನು ತುಳಿದ. ಸೀಗಡಿ ಅಪ್ಪಚ್ಚಿಯಾಗುವ ಬದಲು ಒಳಗಿನ ಮಾಂಸ ಪುಳಕ್ಕನೆ ಸಿಪ್ಪೆಯಿಂದ ಹೊರಗೆ ಜಾರಿತು. ಹುಡುಗ ಮನೆಗೆ ಹೋದವನೇ ಅಮ್ಮನ ಬಟ್ಟೆ ಒಗೆಯುವ ಯಂತ್ರದ ಹಿಂಡುವ ರಬ್ಬರ್ ಉರುಳೆಗಳ ನಡುವೆ ಸೀಗಡಿ ತೂರಿಸಿ ನೋಡಿದ.

ಇಂಥ ಕಥೆಗಳನ್ನು ಕೇಳಿದಾಗ ನನಗೆ ಒಳಗೊಳಗೇ ಅನುಮಾನ. ನ್ಯೂಟನ್ನನ ಸೇಬಿನಿಂದ ಹಿಡಿದು ಎಲ್ಲ ಮೂಲಕಥೆಗಳಲ್ಲೂ ಏನೋ ಒಂದು ಬೀಳಲೇಬೇಕು. ಆದರೂ ಈ ಕಥೆಯ ಪರವಾಗಿ ಒಂದು ಮಾತು ಹೇಳುತ್ತೇನೆ: ತುಳಿದ ಬೂಟಿಗೂ ಮುಂದೆ ಬಂದ ಯಂತ್ರಕ್ಕೂ ನಿಜಕ್ಕೂ ನಂಟಿದೆ. ಯಂತ್ರದಲ್ಲಿರುವುದು ಸ್ವಲ್ಪ ಇಳಿಜಾರಾಗಿ ಮಲಗಿಸಿದ ಉರುಳೆಗಳ ಸಾಲು. ಒಂದಕ್ಕೊಂದು ತೀರ ಹತ್ತಿರ ಇರುವ ಉರುಳೆಗಳು ಅತ್ತ ಸ್ವಲ್ಪ, ಇತ್ತ ಸ್ವಲ್ಪ ತಿರುಗುತ್ತವೆ. ಮೇಲಿನಿಂದ ನೀರು ಹರಿಯುತ್ತಿರುತ್ತದೆ. ಸೀಗಡಿಯ ಸಿಪ್ಪೆ, ಕಾಲು, ಮೀಸೆ ತೆಳ್ಳಗಿರುವುದರಿಂದ ಉರುಳೆಗಳ ಸಂದಿಗೆ ಸಿಕ್ಕಿ ಕೆಳಗೆ ಎಳೆಯಲ್ಪಡುತ್ತವೆ. ಮಾಂಸ ದಪ್ಪ ಮತ್ತು ಜಾರು. ಸಂದಿಯಲ್ಲಿ ಹಿಡಿಯುವುದಿಲ್ಲ, ನೀರಿನ ಜೊತೆ ಇಳಿಜಾರಿನಲ್ಲಿ ಮುಂದೆ ಹೋಗುತ್ತದೆ. ಚಾಕು ಇಲ್ಲ, ಹಲ್ಲು ಇಲ್ಲ. ಗಮನಿಸಿ, ಇದು ಸುಲಿಯುವ ಯಂತ್ರವಾದಷ್ಟೇ ಸಾಗಿಸುವ ಯಂತ್ರವೂ ಹೌದು. ಮೇಲಿನಿಂದ ಹಾಕಿದ್ದು ದಾರಿಯಲ್ಲಿ ಬೇರ್ಪಟ್ಟು ಕೆಳಗೆ ಬರುತ್ತದೆ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ ಈ ಯಂತ್ರವನ್ನು ಎಂಜಿನಿಯರಿಂಗ್ ಚರಿತ್ರೆಯ ಹೆಗ್ಗುರುತುಗಳಲ್ಲಿ ಒಂದೆಂದು ಗುರುತಿಸಿದೆ.

ಮುಂದೆ ಜೆ.ಎಂ. ಹೆಸರಿನಲ್ಲಿ 190ಕ್ಕೂ ಹೆಚ್ಚು ಪೇಟೆಂಟುಗಳಾದವು. ಮನೆತನದ ಮೂಲ ಕಂಪನಿಗೆ ಲೇಟ್ರಂ ಎಂದು ಹೆಸರಿಟ್ಟರು, ಅವನ ನಡುಹೆಸರಿನ (Martial) ಇಂಗ್ಲಿಷ್ ಅಕ್ಷರಗಳನ್ನು ತಿರುಗುಮುರುಗು (Laitram) ಮಾಡಿ. ಇಷ್ಟಕ್ಕೆ ಗೋಡೆಯ ಮೇಲಿನ ಕಥೆ ಸಾಮಾನ್ಯವಾಗಿ ಮುಗಿಯುತ್ತದೆ. ನನಗೆ ಕುತೂಹಲ ಶುರುವಾಗುವುದು ಇಲ್ಲಿಂದ.

ಪಕ್ಕದವನಿಗೆ ಕೊಡುವುದೋ ಬೇಡವೋ

ಯೋಚನೆ ಮಾಡಿ. ನಿಮ್ಮದು ಸೀಗಡಿ ವ್ಯಾಪಾರ. ಉಳಿದವರೆಲ್ಲ ಕೈಯಿಂದ ಸುಲಿಸುತ್ತಿದ್ದಾರೆ, ನಿಮ್ಮೊಬ್ಬರ ಹತ್ತಿರ ಯಂತ್ರವಿದೆ. ಅದನ್ನು ಬಾಗಿಲು ಮುಚ್ಚಿ ಇಟ್ಟುಕೊಂಡರೆ ಕೊಲ್ಲಿಯ ಅಂಚಿನಲ್ಲಿ ನಿಮಗಿಂತ ಅಗ್ಗವಾಗಿ ಡಬ್ಬಿ ತುಂಬುವವರು ಯಾರೂ ಇಲ್ಲ. ಎದುರಾಳಿಗೆ ಕೊಟ್ಟರೆ ಯಂತ್ರದ ದುಡ್ಡು ಬರುತ್ತದೆ, ಸೀಗಡಿಯ ಲಾಭ ಹೋಗುತ್ತದೆ. ಮೀನಿನ ಮನೆತನ ಯಂತ್ರದ ಮನೆತನವಾಗುವುದು ಉಪಾಯ ಹೊಳೆದ ದಿನ ಅಲ್ಲ, ಈ ತೀರ್ಮಾನ ಮಾಡಿದ ದಿನ ಎಂದು ನನ್ನ ಅಭಿಪ್ರಾಯ. ಮೂಲಪುರುಷನ ಫೋಟೋದ ಪಕ್ಕದಲ್ಲಿ ಇನ್ನೊಂದು ಫೋಟೋ ಹಾಕುವುದಿದ್ದರೆ, ಮೊದಲ ಯಂತ್ರವನ್ನು ಬಾಡಿಗೆಗೆ ತೆಗೆದುಕೊಂಡ ಎದುರಾಳಿಯದನ್ನು ಹಾಕಬೇಕು.

ಲಾಪೇರ್ ಮನೆತನ ಮಾಡಿದ್ದು ನಡುವಿನ ದಾರಿ. ಯಂತ್ರವನ್ನು ಮಾರಲಿಲ್ಲ, ಬಾಡಿಗೆಗೆ ಕೊಟ್ಟರು. ಉರುಳೆ ಎಷ್ಟು ಸುತ್ತಿತು ಎಂಬುದರ ಮೇಲೆ ಬಾಡಿಗೆಯ ಲೆಕ್ಕ. ಜೊತೆಗೆ ತಮ್ಮ ಸೀಗಡಿ ಡಬ್ಬಿಯ ವ್ಯಾಪಾರವನ್ನೂ ಬಿಡಲಿಲ್ಲ. ಅಂದರೆ ಒಂದು ಕೈಯಲ್ಲಿ ಎದುರಾಳಿಗೆ ಯಂತ್ರ ಕೊಡುತ್ತಾ, ಇನ್ನೊಂದು ಕೈಯಲ್ಲಿ ಅವನ ಜೊತೆಗೇ ಪೈಪೋಟಿ ಮಾಡುತ್ತಿದ್ದರು. ಇದು ಎಷ್ಟು ದಿನ ನಡೆದೀತು? ಅಮೆರಿಕದ ವಾಯವ್ಯಕ್ಕೆ, ಅಲಾಸ್ಕಾದ ಕಡೆ, ಸೀಗಡಿ ಡಬ್ಬಿ ತುಂಬುವ ಉದ್ಯಮ ಎದ್ದಾಗ ಗಂಟು ಬಿತ್ತು. ಅಲ್ಲಿಯ ಸೀಗಡಿ ಗಾತ್ರದಲ್ಲಿ ಚಿಕ್ಕದು. ಚಿಕ್ಕ ಸೀಗಡಿಯನ್ನು ಕೈಯಿಂದ ಸುಲಿಸುವುದಕ್ಕೆ ಹೆಚ್ಚು ಕೂಲಿ ಬೀಳುತ್ತದೆ. ಹಾಗಾಗಿ ಅದೇ ಯಂತ್ರ ಅಲ್ಲಿ ಉಳಿಸುವ ಕೂಲಿಯೂ ಹೆಚ್ಚು. ಉಳಿತಾಯ ದುಪ್ಪಟ್ಟಾದರೆ ಬಾಡಿಗೆಯೂ ದುಪ್ಪಟ್ಟಿರಲಿ ಎಂದು ಮನೆತನ ಅಲ್ಲಿಯವರಿಂದ ಕೊಲ್ಲಿಯವರ ಎರಡರಷ್ಟು ವಸೂಲು ಮಾಡಿತು.

ವ್ಯಾಪಾರದ ತರ್ಕದಲ್ಲಿ ಇದಕ್ಕೆ ಸಮರ್ಥನೆ ಇಲ್ಲದೇ ಇಲ್ಲ. ಆದರೆ ಕೊಲ್ಲಿಯಲ್ಲಿ ಸೀಗಡಿ ಡಬ್ಬಿ ಮಾರುವವರಲ್ಲಿ ಯಂತ್ರದ ಒಡೆಯರೂ ಇದ್ದರು ಎಂಬುದನ್ನು ಸೇರಿಸಿ ನೋಡಿದರೆ ಚಿತ್ರ ಬೇರೆ. ದೂರದ ಎದುರಾಳಿಯ ಖರ್ಚನ್ನು ಯಂತ್ರದ ಬಾಡಿಗೆಯ ಮೂಲಕವೇ ಏರಿಸಿದಂತಾಯಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1964ರಲ್ಲಿ ಇದು ಅನ್ಯಾಯದ ಪೈಪೋಟಿ ಎಂದಿತು. 1966ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆ ಮಾತನ್ನು ಎತ್ತಿಹಿಡಿಯಿತು. ನನಗೆ ಇಲ್ಲಿ ತಪ್ಪು ಯಾರದು ಎಂಬುದಕ್ಕಿಂತ ಆ ಮನೆತನ ಆಗ ನಿಂತಿದ್ದ ಜಾಗ ಮುಖ್ಯ. ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ದಡದಲ್ಲಿ. ಸೀಗಡಿಯವರಾಗಿ ಯೋಚಿಸಿದರೆ ಎದುರಾಳಿ ಕುಂಟಬೇಕು, ಯಂತ್ರದವರಾಗಿ ಯೋಚಿಸಿದರೆ ಎದುರಾಳಿ ಕೊಬ್ಬಬೇಕು. ಯಂತ್ರ ತಯಾರಿಸುವವನ ಏಳಿಗೆ ಇರುವುದು ಗಿರಾಕಿಯ ಏಳಿಗೆಯಲ್ಲಿ. ಕುಟುಂಬದ ಕಂಪನಿಗಳ ಬಗ್ಗೆ ಬರೆಯುವವರು ಅಪ್ಪ-ಮಕ್ಕಳ ಜಗಳ, ಆಸ್ತಿ ಪಾಲು ಎಂದೆಲ್ಲ ಬರೆಯುತ್ತಾರೆ. ಒಂದೇ ಮನೆಯೊಳಗೆ ಎರಡು ಕಸುಬು ಜಗಳವಾಡುವುದನ್ನು ಬರೆಯುವವರು ಕಡಿಮೆ.

ತುಕ್ಕು

ಈಗ ಬೆಲ್ಟಿಗೆ ಬರೋಣ. ಅದಕ್ಕೆ ಮೊದಲು ನನ್ನದೊಂದು ನೆನಪು ಹೇಳಬೇಕು, ಇಲ್ಲದಿದ್ದರೆ ಪ್ಲಾಸ್ಟಿಕ್ ತುಂಡುಗಳ ಬಗ್ಗೆ ಈ ಮನುಷ್ಯ ಯಾಕಿಷ್ಟು ಉತ್ಸಾಹ ತೋರುತ್ತಾನೆ ಎಂದು ನಿಮಗನಿಸಬಹುದು.

ಆಹಾರ ಸಂಸ್ಕರಿಸುವ ಕಾರ್ಖಾನೆಯೊಂದರಲ್ಲಿ ತೊಳೆಯುವ ಸಾಲಿನ ಮೇಲೆ ಸ್ಟೀಲ್ ತಂತಿ ಹೆಣೆದ ಬೆಲ್ಟು ಇತ್ತು. ಉಪ್ಪು ನೀರು, ಬಿಸಿ ನೀರು, ಪಾಳಿ ಮುಗಿದ ಮೇಲೆ ಕ್ಲೋರಿನ್ ನೀರು. ಸ್ಟೇನ್‌ಲೆಸ್ ಎಂದು ಹೆಸರಿದ್ದರೇನು, ಉಪ್ಪು ಮತ್ತು ಕ್ಲೋರಿನ್ ಸೇರಿ ಅದರ ಕೀಲುಗಳಲ್ಲಿ ಸೂಜಿಮೊನೆಯಷ್ಟು ಗುಂಡಿ ಕೊರೆಯುತ್ತವೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಒಂದು ರಾತ್ರಿಪಾಳಿಯಲ್ಲಿ ಅಂಚಿನ ತಂತಿ ಕಿತ್ತುಕೊಂಡು ಚೌಕಟ್ಟಿಗೆ ಸಿಕ್ಕಿಬಿತ್ತು. ಮೋಟಾರು ಎಳೆಯುತ್ತಲೇ ಇತ್ತು. ನಿಲ್ಲಿಸುವಷ್ಟರಲ್ಲಿ ಬೆಲ್ಟು ಮುದ್ದೆಯಾಗಿ ಕೂತಿತ್ತು. ಮುರಿದ ತಂತಿಯ ಚೂರುಗಳು ಮಾಲಿನೊಳಗೆ ಎಲ್ಲಿ ಹೋದವು ಎಂದು ಹುಡುಕುವುದು ಬೇರೆ ಪಾಡು. ಆ ಸರದಿಯ ಮಾಲಷ್ಟೂ ತಿಪ್ಪೆಗೆ. ಗ್ರೈಂಡರ್ ಹಿಡಿದು ಬೆಲ್ಟನ್ನು ಕತ್ತರಿಸಿ ಕತ್ತರಿಸಿ ಹೊರತೆಗೆದೆವು. ಹೊಸ ಬೆಲ್ಟು ಬರುವವರೆಗೆ ಸಾಲು ಮಲಗಿತ್ತು.

ಕೆಲವು ವರ್ಷಗಳ ನಂತರ ಇನ್ನೊಂದು ಕಡೆ, ಹೆಚ್ಚುಕಡಿಮೆ ಅದೇ ಕೆಲಸದ ಸಾಲಿನ ಮೇಲೆ, ನೀಲಿ ಪ್ಲಾಸ್ಟಿಕ್ ಬೆಲ್ಟು. ಯಾರೋ ಲೋಹದ ತಟ್ಟೆ ಬೀಳಿಸಿ ನಡುವಿನ ಎರಡು ಮೂರು ತುಂಡು ಒಡೆದಿದ್ದವು. ನನ್ನ ಜೊತೆಗಿದ್ದ ಹಿರಿಯ ಫಿಟ್ಟರ್ ಅವಸರವನ್ನೇ ಪಡಲಿಲ್ಲ. ಅಂಚಿನಲ್ಲಿ ಕಡ್ಡಿಯ ತುದಿಗೆ ಒಂದು ಏಟು ಕೊಟ್ಟು ಕಡ್ಡಿಯನ್ನು ಹೊರಗೆಳೆದರು. ಬೆಲ್ಟು ಅಲ್ಲೇ ಎರಡಾಗಿ ಬಿಚ್ಚಿಕೊಂಡಿತು. ಒಡೆದ ತುಂಡು ತೆಗೆದು ಜೇಬಿನಿಂದ ಹೊಸ ತುಂಡು ಕೂರಿಸಿ, ಕಡ್ಡಿ ಮತ್ತೆ ತೂರಿಸಿದರು. ನಾನು ಸ್ಪ್ಯಾನರ್ ಪೆಟ್ಟಿಗೆ ತೆರೆದುಕೊಂಡು ನಿಂತಿದ್ದೆ, ಅದು ಬೇಕಾಗಲೇ ಇಲ್ಲ. ಜೇಬಿನಿಂದ ಬೆಲ್ಟು ತೆಗೆದವರನ್ನು ನಾನು ಕಂಡದ್ದು ಅದೇ ಮೊದಲು.

ಆ ನೀಲಿ ತುಂಡಿನ ವಂಶಾವಳಿ ಹುಡುಕುತ್ತಾ ಹೋದರೆ ಸಿಗುವುದು ಲೂಸಿಯಾನಾದ ಸೀಗಡಿ ಮನೆತನ. ಸುಲಿಯುವ ಯಂತ್ರದ ಹಿಂದೆ ಮುಂದೆ ಸೀಗಡಿಯನ್ನು ಸಾಗಿಸಬೇಕಲ್ಲ, ಅಲ್ಲೆಲ್ಲ ಲೋಹದ ಬೆಲ್ಟುಗಳು. ಸುಲಿಯುವವರ ಬೆರಳು ತಿನ್ನುತ್ತಿದ್ದ ಸೀಗಡಿಯ ರಸ ಮತ್ತು ಉಪ್ಪು ಈಗ ಬೆಲ್ಟನ್ನು ತಿನ್ನತೊಡಗಿದವು. ಜೆ.ಎಂ. ಲಾಪೇರ್ ತುಕ್ಕು ಹಿಡಿಯದ ಬೆಲ್ಟನ್ನು ಪ್ಲಾಸ್ಟಿಕ್ ತುಂಡುಗಳಿಂದ ಕಟ್ಟಿದ. 1971ರಲ್ಲಿ ಅದಕ್ಕಾಗಿ ಇಂಟ್ರಾಲಾಕ್ಸ್ ಎಂಬ ಕಂಪನಿ ಹುಟ್ಟಿತು. ಸೀಗಡಿಗಾಗಿ ಮಾಡಿದ ಬೆಲ್ಟು ಕೋಳಿ, ಬ್ರೆಡ್ಡು, ಪಾನೀಯದ ಡಬ್ಬಿ, ಟೈರು, ಪಾರ್ಸೆಲ್ಲು ಎಲ್ಲವನ್ನೂ ಹೊರತೊಡಗಿತು. ಕನ್ವೇಯರ್ ಕಂಪನಿಯಾಗಿ ಅವರ ನಿಜವಾದ ಹುಟ್ಟು ಇಲ್ಲಿ, ಬೂಟಿನ ಕೆಳಗಲ್ಲ.

ತುಂಡುಗಳೊಳಗಿನ ಬುದ್ಧಿ

ಸ್ವಲ್ಪ ಎಂಜಿನಿಯರಿಂಗ್ ಸಹಿಸಿಕೊಳ್ಳಿ. ರಬ್ಬರಿನ ಚಪ್ಪಟೆ ಬೆಲ್ಟು ತಿರುಗುವುದು ಘರ್ಷಣೆಯಿಂದ. ಡ್ರಮ್ಮಿಗೆ ಅದು ಬಿಗಿಯಾಗಿ ಅಪ್ಪಿರಬೇಕು, ಅಂದರೆ ಸದಾ ಎಳೆದು ಕಟ್ಟಿರಬೇಕು. ಎಳೆದು ಕಟ್ಟಿದ ಬೆಲ್ಟಿಗೆ ಒಂದು ದುರ್ಗುಣ ಇದೆ: ಉರುಳೆಯೊಂದು ಕೂದಲೆಳೆಯಷ್ಟು ಓರೆಯಾಗಿದ್ದರೂ, ಮೊದಲು ಎಲ್ಲಿ ಮುಟ್ಟುತ್ತದೋ ಆ ಬದಿಗೆ ಸರಿಯುತ್ತಾ ಹೋಗುತ್ತದೆ, ಕೊನೆಗೆ ಅಂಚು ಹರಿದುಕೊಳ್ಳುತ್ತದೆ. ರಬ್ಬರ್ ಬೆಲ್ಟಿನ ಮುಂದೆ ಸ್ಪ್ಯಾನರ್ ಹಿಡಿದು ಬೋಲ್ಟನ್ನು ಕಾಲುಸುತ್ತು ತಿರುಗಿಸಿ, ನಿಂತು ನೋಡಿ, ಮತ್ತೆ ಕಾಲುಸುತ್ತು ತಿರುಗಿಸುವುದರಲ್ಲಿ ಮೆಂಟೆನೆನ್ಸ್‌ನವರ ಅರ್ಧ ಆಯುಷ್ಯ ಹೋಗಿದೆ.

ತುಂಡು ತುಂಡಿನ ಬೆಲ್ಟು ಈ ಗೋಜನ್ನೇ ತೆಗೆದುಹಾಕಿತು. ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ತುಂಡುಗಳನ್ನು ಇಟ್ಟಿಗೆ ಗೋಡೆ ಕಟ್ಟಿದಂತೆ ಒಂದರ ಸಂದು ಇನ್ನೊಂದರ ನಡುವಿಗೆ ಬರುವ ಹಾಗೆ ಜೋಡಿಸಿ, ಸಾಲು ಸಾಲಿನ ನಡುವೆ ಉದ್ದ ಕಡ್ಡಿ ತೂರಿಸುತ್ತಾರೆ. ಕಡ್ಡಿಯೇ ಕೀಲು. ಕೆಳಗಿನಿಂದ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್, ಬೆಲ್ಟಿನ ಅಡಿಯನ್ನು ಕಚ್ಚಿ ಎಳೆಯುತ್ತದೆ. ಘರ್ಷಣೆಯನ್ನು ನಂಬಬೇಕಿಲ್ಲ, ಆದ್ದರಿಂದ ಎಳೆದು ಕಟ್ಟಬೇಕಿಲ್ಲ. ಹಲ್ಲು ಹಿಡಿದಿರುವುದರಿಂದ ಬೆಲ್ಟು ಪಕ್ಕಕ್ಕೆ ಹೋಗುವುದೂ ಇಲ್ಲ.

ಆದರೆ ಪ್ಲಾಸ್ಟಿಕ್ಕಿಗೆ ಅದರದೇ ಹಠ. ಶಾಖಕ್ಕೆ ಅದು ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಹಿಗ್ಗುತ್ತದೆ. ಪಾಲಿಪ್ರೊಪಿಲೀನ್ ಆದರೆ ಮೀಟರಿಗೆ ಒಂದೊಂದು ಡಿಗ್ರಿ ಸೆಲ್ಸಿಯಸ್‌ಗೂ ಸುಮಾರು 0.12 ಮಿಲಿಮೀಟರ್. 20 ಮೀಟರ್ ಬೆಲ್ಟು 30 ಡಿಗ್ರಿ ಬಿಸಿಯಾದರೆ 72 ಮಿಲಿಮೀಟರ್ ಉದ್ದವಾಗುತ್ತದೆ, ಅಂದರೆ ಅಂಗೈ ಅಗಲದಷ್ಟು. ಆ ಹೆಚ್ಚುವರಿ ಎಲ್ಲಿ ಹೋಗಬೇಕು? ಹಿಂತಿರುಗುವ ದಾರಿಯಲ್ಲಿ, ಡ್ರೈವ್ ಸ್ಪ್ರಾಕೆಟ್ ದಾಟಿದ ತಕ್ಷಣ, ಬೆಲ್ಟನ್ನು ಜೋತುಬೀಳಲು ಬಿಡುತ್ತಾರೆ. ಹೊಸದಾಗಿ ನೋಡಿದವರು ಬೆಲ್ಟು ಸಡಿಲವಾಗಿದೆ ಎಂದು ಬಿಗಿ ಮಾಡಲು ಹೋಗುತ್ತಾರೆ, ಜೋತುಬಿದ್ದಿರುವುದೇ ಅದರ ಆರೋಗ್ಯ. ಅಗಲದಲ್ಲೂ ಹಿಗ್ಗಬೇಕಲ್ಲ: ಅದಕ್ಕೇ ಚೌಕ ಶಾಫ್ಟು. ಶಾಫ್ಟಿನ ಮೇಲೆ ನಾಲ್ಕಾರು ಸ್ಪ್ರಾಕೆಟ್ ಇದ್ದರೆ ನಡುವಿನ ಒಂದನ್ನು ಮಾತ್ರ ಅಲುಗದಂತೆ ಹಿಡಿದಿಟ್ಟು ಉಳಿದವನ್ನು ಅತ್ತಿತ್ತ ಜಾರಲು ಬಿಡುತ್ತಾರೆ. ಚೌಕವಾಗಿರುವುದರಿಂದ ತಿರುಗಿಸುವ ಬಲ ತಲುಪುತ್ತದೆ, ಜಾರುವುದಕ್ಕೂ ಅಡ್ಡಿಯಿಲ್ಲ. ಕೀಲಿ, ಕೀಲಿ ಕೂರುವ ತೋಡು, ಬೆಸುಗೆ ಏನೂ ಬೇಡ. ಇದನ್ನು ಮೊದಲ ಸಲ ಬಿಚ್ಚಿ ನೋಡಿದಾಗ ನನಗೆ ಮಾಡಿದವರ ಮೇಲೆ ಪ್ರೀತಿಯೇ ಹುಟ್ಟಿತು. ಇದು ಕಾರ್ಖಾನೆಯ ನೆಲ ತೊಳೆದು ಗೊತ್ತಿರುವವರ ಕೆಲಸ, ನಕ್ಷೆಯ ಮೇಜಿನವರದಲ್ಲ.

ಮೂರು ಪೆಟ್ಟಿಗೆ

ಇಂಟ್ರಾಲಾಕ್ಸ್ ಹುಟ್ಟಿದ ಮರುವರ್ಷ, 1972ರ ಮೇ ತಿಂಗಳಲ್ಲಿ, ಮನೆತನದ ಹೆಸರು ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ಬಂತು. ಬೆಲ್ಟಿನ ವಿಷಯಕ್ಕಲ್ಲ, ಸೀಗಡಿಯ ಬೆನ್ನಿನ ಕಪ್ಪು ನಾಳ ತೆಗೆಯುವ ಯಂತ್ರದ ವಿಷಯಕ್ಕೆ. ಡೀಪ್‌ಸೌತ್ ಪ್ಯಾಕಿಂಗ್ ಎಂಬ ಕಂಪನಿ ಲೇಟ್ರಂನ ಪೇಟೆಂಟು ಇರುವ ಯಂತ್ರವನ್ನು ಜೋಡಿಸದೆ, ಬಿಡಿಭಾಗಗಳನ್ನಾಗಿಯೇ ಮೂರು ಪೆಟ್ಟಿಗೆಯಲ್ಲಿ ಹಾಕಿ ವಿದೇಶಕ್ಕೆ ಕಳಿಸುತ್ತೇನೆಂದು ಹೊರಟಿತ್ತು. ಕೊಂಡವರು ಅಲ್ಲಿ ಒಂದು ಗಂಟೆಯೊಳಗೆ ಜೋಡಿಸಿಕೊಳ್ಳಬಹುದು. ಯಂತ್ರ ಮಾಡಿದಂತಾಯಿತೋ ಇಲ್ಲವೋ? ಲೇಟ್ರಂನವರ ವಾದ: ಎಲ್ಲ ಭಾಗ ಇದ್ದ ಮೇಲೆ ಅದು ಯಂತ್ರವೇ. ನ್ಯಾಯಾಲಯ 5-4ರ ಬಹುಮತದಲ್ಲಿ ಒಪ್ಪಲಿಲ್ಲ. ಪೇಟೆಂಟು ಇರುವುದು ಜೋಡಣೆಗೆ, ಅಮೆರಿಕದ ನೆಲದ ಮೇಲೆ ಜೋಡಿಸದಿದ್ದರೆ ಉಲ್ಲಂಘನೆ ಇಲ್ಲ ಎಂದಿತು. 1984ರಲ್ಲಿ ಅಮೆರಿಕದ ಸಂಸತ್ತು ಕಾನೂನನ್ನೇ ತಿದ್ದಿ ಆ ಸಂದನ್ನು ಮುಚ್ಚಿತು. ಪೇಟೆಂಟು ಕಾನೂನು ಓದುವವರೆಲ್ಲ ಇವತ್ತಿಗೂ ಈ ಸೀಗಡಿ ಯಂತ್ರವನ್ನು ದಾಟಿಕೊಂಡೇ ಹೋಗಬೇಕು.

ನನಗೆ ಇದರಲ್ಲಿ ಕಾನೂನಿಗಿಂತ ಇನ್ನೊಂದು ತಮಾಷೆ ಕಾಣುತ್ತದೆ. ಬಿಡಿಭಾಗಗಳ ಪೆಟ್ಟಿಗೆಯೂ ಯಂತ್ರವೇ ಎಂದು ವಾದಿಸಿ ಸೋತ ಮನೆತನ, ಅದೇ ಹೊತ್ತಿಗೆ ಕೈಹಾಕಿದ್ದ ಹೊಸ ವ್ಯಾಪಾರ ಯಾವುದು? ಪೆಟ್ಟಿಗೆಯಲ್ಲಿ ಬರುವ ಬಿಡಿ ತುಂಡುಗಳನ್ನು ಗಿರಾಕಿ ತಾನೇ ಜೋಡಿಸಿಕೊಳ್ಳುವ ಬೆಲ್ಟು. ಹಳೆಯ ಸುಲಿಯುವ ಯಂತ್ರವನ್ನು ಅವರು ಕೈಬಿಡದೆ ಹಿಡಿದಿಟ್ಟುಕೊಂಡು, ಸುತ್ತಿನ ಲೆಕ್ಕಕ್ಕೆ ಬಾಡಿಗೆ ಎಣಿಸಿದವರು. ಬೆಲ್ಟಿನಲ್ಲಿ ಹಾಗೆ ಹಿಡಿದಿಟ್ಟುಕೊಳ್ಳುವಂಥದ್ದೇನೂ ಇಲ್ಲ. ಒಡೆದ ತುಂಡು ಗಿರಾಕಿಯ ಜೇಬಿನಲ್ಲೇ ಸಿಗಬೇಕು, ಇಲ್ಲದಿದ್ದರೆ ಅದರ ಗುಣವೇ ಹೋಯಿತು. ಒಂದೇ ಮನುಷ್ಯನ ತಲೆಯಿಂದ ಬಂದ ಎರಡು ವಸ್ತುಗಳಲ್ಲಿ ವ್ಯಾಪಾರದ ಎರಡು ತದ್ವಿರುದ್ಧ ಸ್ವಭಾವ. ಕೊಂಡಿ ಬಿಚ್ಚುವ ಸರಪಳಿ ಮಾಡಿದ ಇವಾರ್ಟ್ ಇದನ್ನು ನೋಡಿದ್ದರೆ ನಕ್ಕು ತಲೆದೂಗುತ್ತಿದ್ದ.

ಮೆಟ್ಟಿಲು

ಜೆ.ಎಂ. ಲಾಪೇರ್ 1989ರಲ್ಲಿ ತೀರಿಕೊಂಡ. ಕಂಪನಿ ಮನೆತನದ ಕೈಯಲ್ಲೇ ಇದೆ. ಮುಖ್ಯ ನೆಲೆ ನ್ಯೂ ಆರ್ಲೀನ್ಸ್ ಪಕ್ಕದ ಹಾರಹನ್. ಬೆಲ್ಟು ದೊಡ್ಡಣ್ಣನಾಗಿ ಬೆಳೆದಿದೆ, ಸೀಗಡಿ ಸುಲಿಯುವ ಯಂತ್ರವೂ ಬೇರೊಂದು ಶಾಖೆಯಲ್ಲಿ ಇನ್ನೂ ತಯಾರಾಗುತ್ತಿದೆ. ಮೊದಲ ಗಿರಾಕಿ ತಾನೇ ಆಗಿದ್ದವನು ಕನ್ವೇಯರ್ ಕಂಪನಿ ಕಟ್ಟುತ್ತಾನೆ ಎಂಬ ನನ್ನ ಲೆಕ್ಕಾಚಾರಕ್ಕೆ ಈ ಮನೆತನ ಚೆನ್ನಾಗಿ ಹೊಂದುತ್ತದೆ ಎಂದು ಬೀಗುತ್ತಿದ್ದಾಗ ಒಂದು ತೊಡಕು ಎದುರಾಯಿತು.

ಅವರ ಇನ್ನೊಂದು ಶಾಖೆ ಮಾಡುವುದು ಮೆಟ್ಟಿಲು. ಅದೂ ಜೆ.ಎಂ.ನದೇ ಕಲ್ಪನೆ. ಎಡಗಾಲಿಗೆ ಒಂದು ಹಲಗೆ, ಬಲಗಾಲಿಗೆ ಅದಕ್ಕಿಂತ ಅರ್ಧ ಮೆಟ್ಟಿಲಿನಷ್ಟು ಮೇಲೆ ಇನ್ನೊಂದು, ಹೀಗೆ ಒಂದರ ನಂತರ ಒಂದು ಬರುವ ಕಡಿದಾದ ಲೋಹದ ಮೆಟ್ಟಿಲು. ಏಣಿಯಷ್ಟೇ ಕಡಿಮೆ ಜಾಗ ಸಾಕು, ಆದರೆ ಮುಖ ಮುಂದೆ ಮಾಡಿಕೊಂಡು ಇಳಿಯಬಹುದು. ಸೀಗಡಿಗೂ ಮೆಟ್ಟಿಲಿಗೂ ಎಲ್ಲಿಯ ಸಂಬಂಧ, ನನ್ನ ಲೆಕ್ಕ ಇಲ್ಲಿ ಕೈಕೊಟ್ಟಿತಲ್ಲ ಎಂದುಕೊಂಡೆ. ಆಮೇಲೆ ಇಂಥ ಮೆಟ್ಟಿಲುಗಳನ್ನು ನಾನು ನೋಡಿರುವ ಜಾಗಗಳನ್ನು ನೆನೆಸಿಕೊಂಡೆ. ಮಾಳಿಗೆಗಳಲ್ಲಿ ಕೆಲವು, ಟ್ಯಾಂಕಿನ ಪಕ್ಕದಲ್ಲಿ ಕೆಲವು. ಮಿಕ್ಕವೆಲ್ಲ ಕನ್ವೇಯರ್ ಸಾಲಿನ ಮೇಲೆ, ಈ ಬದಿಯಿಂದ ಹತ್ತಿ ಆ ಬದಿಗೆ ಇಳಿಯಲು. ಕಾರ್ಖಾನೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಕನ್ವೇಯರ್ ಹಾಕಿದ ಮೇಲೆ ಮಾಲು ಸರಾಗವಾಗಿ ಓಡುತ್ತದೆ, ಮನುಷ್ಯ ಮಾತ್ರ ಆಚೆ ಬದಿಗೆ ಹೋಗಲಾರ. ಊಟದ ಗಂಟೆ ಹೊಡೆದಾಗ ಬೆಲ್ಟಿನ ಕೆಳಗೆ ನುಸುಳಿ ಬೈಸಿಕೊಂಡವರು ಪ್ರತಿ ಕಾರ್ಖಾನೆಯಲ್ಲೂ ಇದ್ದಾರೆ. ಅದಕ್ಕೆಂದೇ ಅವರು ಮೆಟ್ಟಿಲು ಕಂಡುಹಿಡಿದರು ಎಂದು ನಾನು ಹೇಳುತ್ತಿಲ್ಲ. ಆದರೆ ಕನ್ವೇಯರ್ ಮಾರುವ ಮನೆಯಲ್ಲೇ ಅದನ್ನು ದಾಟುವ ಮೆಟ್ಟಿಲೂ ಸಿಗುತ್ತದೆ, ಗಿರಾಕಿ ಎರಡಕ್ಕೂ ಒಂದೇ ಬಾಗಿಲು ತಟ್ಟಬಹುದು.